ಮೀಸೆ ಪಣಕ್ಕಿಟ್ಟ ಓಟ

ಕೊಟ್ರೇಶ ಎರಡು ಕರೆಂಟ್ ಕಂಬದಷ್ಟು ಮುಂದಿದ್ದ. ಹಾಲೇಶಪ್ಪನ ಮೀಸೆ ಅಪಾಯದಲ್ಲಿತ್ತು.

ಸಾಮಾನ್ಯ ಮೀಸೆಯಲ್ಲ ಅದು. ನ್ಯಾಮತಿಯಲ್ಲಿ ಗೊಬ್ಬರದ ಅಂಗಡಿ ಇಡುವುದಕ್ಕೂ ಮೊದಲೇ ಬೆಳೆಸಿದ್ದು. ಭಾನುವಾರಕ್ಕೊಮ್ಮೆ ಬಣ್ಣ, ದಿನಕ್ಕೆರಡು ಸಲ ಎಣ್ಣೆ. ದಿಂಬಿನ ಕವರು ಒಗೆದು ಒಗೆದು ಹೆಂಡತಿ ಶಿವಲೀಲಾಳಿಗೆ ಸಾಕಾಗಿತ್ತು. ಬಸವಾಪಟ್ಟಣದಲ್ಲಿದ್ದ ಅವಳ ಅಣ್ಣ ಕೊಟ್ರೇಶನದೂ ಅಂಥದ್ದೇ ಮೀಸೆ, ಅವನ ಹೆಂಡತಿ ಕಲ್ಲಮ್ಮನದೂ ಅದೇ ಪಾಡು.

ಪಂಚಮಿಗೆ ಶಿವಲೀಲಾಳ ತವರಿಗೆ ಹೋದಾಗ, ಯಾರು ಜೋರಾಗಿ ಓಡುತ್ತಾರೆಂದು ಭಾವಂದಿರಿಬ್ಬರ ನಡುವೆ ಮಾತಿಗೆ ಮಾತು ಬೆಳೆಯಿತು. ನ್ಯಾಮತಿಯ ಸ್ವಾತಂತ್ರ್ಯ ದಿನದ ಓಟದಲ್ಲಿ ಇಬ್ಬರೂ ಓಡುವುದೆಂದಾಯಿತು. ಆಗ ಕಲ್ಲಮ್ಮ ಉಂಡೆ ಬಡಿಸುತ್ತಾ ಮೆಲ್ಲಗೆ ಅಂದಳು:

"ಬರೀ ಬಾಯಾಗೆ ಯಾಕೆ ಓಡ್ತೀರಿ? ಸೋತೋರು ಮೀಸೆ ತೆಗೀರಿ."

ನೆಂಟರೆದುರು ಇಂಥ ಮಾತು ಬಿದ್ದ ಮೇಲೆ ಗಂಡಸರು ಹಿಂದೆ ಸರಿಯುವುದುಂಟೆ? ಕಲ್ಲಮ್ಮ, ಶಿವಲೀಲಾ ಒಟ್ಟಿಗೆ ಟೀಚರ್ ಟ್ರೈನಿಂಗ್ ಮಾಡಿದವರು. ಈಗ ಇಬ್ಬರೂ ತಮ್ಮ ತಮ್ಮ ಶಾಲೆಗೆ ಹೆಡ್ ಮೇಡಂ. ಗಂಡಂದಿರ ಹುಚ್ಚಾಟಕ್ಕೆ ಒಟ್ಟಿಗೇ ನಿಟ್ಟುಸಿರು ಬಿಟ್ಟರು.

ಈಗ ಹಾಲೇಶಪ್ಪನಿಗೆ ಬಿಡಲು ಉಸಿರೇ ಉಳಿದಿರಲಿಲ್ಲ. ಹೊಟ್ಟೆ ಮುಂದೆ, ಕಾಲು ಹಿಂದೆ. ನಾಳೆ ಅಂಗಡಿಗೆ ಬಂದ ಗಿರಾಕಿ ತನ್ನನ್ನೇ ನೋಡಿ ಸಾಹುಕಾರರು ಎಲ್ಲಿ ಎಂದು ಕೇಳಿದರೆ? ನೆನೆದರೇ ಅಳು ಬಂತು, ಸುಳ್ಳಲ್ಲ.

ಶಿವಲೀಲಾಳ ಶಾಲೆ ಓಟ ಸಾಗುತ್ತಿದ್ದ ಸವಳಂಗದ ರಸ್ತೆಯ ಬದಿಗೇ ಇತ್ತು. ಬಾವುಟ ಇನ್ನೂ ಏರಿರಲಿಲ್ಲ. ಸಾಲಾಗಿ ನಿಂತ ಮಕ್ಕಳು ಆಕಳಿಸುತ್ತಿದ್ದರು. ಹಿರಿಯರು ಹೊತ್ತಾಯಿತೆಂದರೆ, ಗಂಟು ಸರಿಯಿಲ್ಲವೆಂದು ಶಿವಲೀಲಾ ಹಗ್ಗ ಹಿಡಿದೇ ನಿಂತಿದ್ದಳಂತೆ. ಕಣ್ಣು ಮಾತ್ರ ರಸ್ತೆಯ ಮೇಲೆ. ಕೊಟ್ರೇಶ ಗೇಟಿನ ಮುಂದೆ ಬಂದದ್ದೇ ತಡ, ಗಂಟು ಸರಿಹೋಯಿತು. ಬಾವುಟ ಮೇಲೇರಿತು. ಮೈಕಿನಲ್ಲಿ ರಾಷ್ಟ್ರಗೀತೆ ಶುರುವಾಯಿತು.

ಓಡುತ್ತಿದ್ದವರೆಲ್ಲ ಇದ್ದಲ್ಲೇ ನೆಟ್ಟಗೆ ನಿಂತರು. ಹಾಲೇಶಪ್ಪ ಎದೆ ತುಂಬ ಉಸಿರೆಳೆದುಕೊಂಡ. ದೇಶದ ಮೇಲೆ ಅವನಿಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ. ಅತ್ತ ಕೊಟ್ರೇಶನ ಮುಖ ಕಿವುಚಿಕೊಂಡಿತು. ಓಡುತ್ತಿದ್ದವನು ತಟ್ಟನೆ ನಿಂತರೆ ಅವನ ಮೀನಖಂಡ ಹಿಡಿದುಕೊಳ್ಳುತ್ತದೆ. ಚಿಕ್ಕಂದಿನಿಂದಲೂ ಹಾಗೇ; ಮನೆಯವರಿಗೆಲ್ಲ ಗೊತ್ತು.

ಗೀತೆ ಮುಗಿಯಿತು. ಕೊಟ್ರೇಶ ಕುಂಟಿದ. ಹಾಲೇಶಪ್ಪ ಅವನನ್ನು ದಾಟಿ ಹೋದ. ಓಟ ಗೆದ್ದವಳು ಯಾವುದೋ ಕಾಲೇಜು ಹುಡುಗಿ, ಆ ಮಾತು ಬೇರೆ.

ಮಧ್ಯಾಹ್ನದ ಹೊತ್ತಿಗೆ ಕೊಟ್ರೇಶನ ಮೀಸೆ ಹೋಯಿತು. ಕಲ್ಲಮ್ಮ ಅವನನ್ನು ಮದುವೆಯ ಹೊಸತರಲ್ಲಿ ನೋಡಿದಂತೆ ಕದ್ದು ಕದ್ದು ನೋಡಿದಳು. ಅವಮಾನ ತಾಳದೆ ಅವನು, ಮುಂದಿನ ವರ್ಷ ನಮ್ಮೂರಲ್ಲಿ ಓಡೋಣ, ಪಣ ಇದೇ ಇರಲಿ ಎಂದ. ಗೆದ್ದ ಅಮಲಿನಲ್ಲಿ ಹಾಲೇಶಪ್ಪ ಎಲ್ಲರೆದುರು ಮಾತು ಕೊಟ್ಟೇಬಿಟ್ಟ. ಅಲ್ಲೂ ದಾರಿಯಲ್ಲಿ ಕಲ್ಲಮ್ಮನ ಶಾಲೆ ಇತ್ತಲ್ಲ, ನಿಂತು ಉಸಿರು ತೆಗೆದುಕೊಂಡರಾಯಿತು.

ಸಂಜೆ ನೆಂಟರು ಹೊರಟ ಮೇಲೆ ಅವನು ಹೆಂಡತಿಯ ಪಕ್ಕ ಕೂತ. ಮನಸ್ಸು ನಿಜಕ್ಕೂ ತುಂಬಿ ಬಂದಿತ್ತು.

"ಅಣ್ಣನಿಗಿಂತ ಗಂಡ ಹೆಚ್ಚು ಅಂತ ತೋರಿಸಿಬಿಟ್ಟೆ ನೋಡು."

"ಹಂಗೇನಿಲ್ಲ ರೀ. ಈ ವರ್ಷ ಅಣ್ಣನ ಮೀಸೆ, ಬರೋ ವರ್ಷ ನಿಮ್ದು ಅಂತ ನಾನೂ ಅತ್ತಿಗೇನೂ ಪಂಚಮೀಗೇ ಮಾತಾಡ್ಕಂಡಿದ್ವಿ."

ಹಾಲೇಶಪ್ಪ ನಕ್ಕ. ತನಗೆ ಕಾಲು ಹಿಡಿಯುವ ಕಾಯಿಲೆಯೇನೂ ಇಲ್ಲವಲ್ಲ, ಅಲ್ಲಿ ನಿಲ್ಲಿಸಿ ಏನು ಮಾಡುತ್ತಾರೆ ಎಂದು ಕೇಳಿದ.

"ಅಲ್ಲಿ ನಿಲ್ಲಿಸಲ್ಲ ರೀ," ಎಂದಳು ಶಿವಲೀಲಾ. "ನೀವು ಬರಾಕೆ ಮುಂಚೇನೇ ಅತ್ತಿಗೆ ಬಾವುಟ ಏರಿಸಿಬಿಡ್ತಾರೆ."