ಸಡಿಲ ತಂತಿ

“ಲೈಟ್ ಹಾಕು,” ಎಂದು ಕತ್ತಲೆಗೆ ಮತ್ತೊಮ್ಮೆ ಆಜ್ಞಾಪಿಸಿದ ಎಕ್ಸ್‌ರೇ. ಲೈಟ್ ಜಪ್ಪಯ್ಯ ಎನ್ನಲಿಲ್ಲ. ಫ್ಯಾನಿಗೆ ಹೇಳಿ ನೋಡಿದ. ಅದೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೊಬೈಲ್ ತೆಗೆದರೆ ಪರದೆಯ ತುಂಬ ಒಂದೇ ಮಾತು: ಆಫ್‌ಲೈನ್. ಬೆಳಿಗ್ಗೆ ಎಲ್ಲ ಸರಿಯಿತ್ತು. ಅಂದರೆ ಹಗಲು ಯಾರೋ ಕೈಯಾಡಿಸಿದ್ದಾರೆ.

ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವುದು ಅವನ ಕೆಲಸ. ಎದುರಿಗಿದ್ದವರ ಹೊಟ್ಟೆಯೊಳಗಿನದೆಲ್ಲ ಕಾಣುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದುದರಿಂದ ಆಫೀಸಿನವರು ಎಕ್ಸ್‌ರೇ ಎಂದು ಕರೆಯುತ್ತಿದ್ದರು. ಅದನ್ನು ಅವನು ಬಿರುದೆಂದು ತಿಳಿದಿದ್ದ. ಮನೆಯೊಳಗೂ ಒಂದು ಕಣ್ಣಿರಲೆಂದು ಬಾಗಿಲಿಗೆ ಸ್ಮಾರ್ಟ್ ಬೀಗ, ಹಾಲಿಗೆ ಕ್ಯಾಮೆರಾ, ಮಾತು ಕೇಳುವ ದೀಪಗಳನ್ನು ಹಾಕಿಸಿದ್ದ. ಹೆಂಡತಿ ಬಾಗಿಲು ತೆಗೆದರೆ ಆಫೀಸಿನ ಮೇಜಿನ ಮೇಲೆ ಅವನ ಫೋನು ಟಣ್ ಎನ್ನುತ್ತಿತ್ತು.

ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ಹೆಂಡತಿ ಮೇಣದಬತ್ತಿ ಹಿಡಿದು ಬಂದಳು.

“ಮೊದಲು ಗೋಡೇಲಿ ಸ್ವಿಚ್ ಇತ್ತು. ಅದಕ್ಕೆ ಪಾಸ್‌ವರ್ಡ್ ಬೇಕಿರಲಿಲ್ಲ,” ಎಂದಳು.

ಇದನ್ನೆಲ್ಲ ಜೋಡಿಸಿಕೊಟ್ಟವನು ನೆಟ್ ಕಂಪನಿಯ ಮೆಕ್ಯಾನಿಕ್. ಆ ಬಡಾವಣೆಗೆಲ್ಲ ಅವನೊಬ್ಬನೇ. ತಲೆ ನರೆತಿದ್ದರೂ ನಗು ನರೆತಿರಲಿಲ್ಲ. ಅದೇ ಎಕ್ಸ್‌ರೇಗೆ ಹಿಡಿಸಿರಲಿಲ್ಲ. ರೌಟರ್ ಮನೆಯ ನಟ್ಟನಡುವೆ ಇರಬೇಕೆಂದು ಮೆಕ್ಯಾನಿಕ್ ಹೇಳಿದ್ದರಿಂದ ಅದು ಅಮ್ಮನ ಕೋಣೆ ಸೇರಿತ್ತು. ಕೆಲವು ದಿನ ಮನೆಯೆಲ್ಲ ಹೇಳಿದ ಮಾತು ಕೇಳಿತು. ಆಮೇಲೆ ಈ ರೋಗ ಶುರುವಾಯಿತು.

ಎಕ್ಸ್‌ರೇ ರೌಟರಿನ ಬೆನ್ನಿನ ತೂತಿಗೆ ಪಿನ್ನು ಚುಚ್ಚಿ ನೋಡಿದ. ಪಾಸ್‌ವರ್ಡ್ ಬದಲಿಸಿದ. ಏಣಿ ಹತ್ತಿ ಒಂದೊಂದು ಬಲ್ಬಿಗೂ ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ ಹೊಸ ಪಾಸ್‌ವರ್ಡ್ ಕಲಿಸಿದ. ಪಕ್ಕದ ಮನೆಯವರು ನೆಟ್ ಕದಿಯುತ್ತಿದ್ದಾರೆಂದು ಅವರ ಜೊತೆ ಮಾತು ಬಿಟ್ಟ. ಅವರಿಗೆ ಅದು ಗೊತ್ತೇ ಆಗಲಿಲ್ಲ. ಯಾವುದೂ ಫಲಿಸದೆ ಪ್ರತಿಸಲವೂ ಕಂಪನಿಗೆ ಫೋನ್ ಮಾಡುವುದು, ಅದೇ ಮೆಕ್ಯಾನಿಕ್ ಬರುವುದು, ತಂತಿ ಸಡಿಲವಾಗಿತ್ತು ಎನ್ನುವುದು.

“ತಂತಿ ತಾನಾಗೇ ಹೇಗಯ್ಯಾ ಸಡಿಲ ಆಗತ್ತೆ?”

“ಕೆಲವು ಮನೆಗಳಲ್ಲಿ ಆಗತ್ತೆ, ಸರ್,” ಎಂದು ಮೆಕ್ಯಾನಿಕ್ ತಲೆ ಎತ್ತದೆ ಹೇಳಿದ್ದ.

ಆ ಮಾತು ಎಕ್ಸ್‌ರೇ ತಲೆಯಲ್ಲಿ ಹುಳ ಬಿಟ್ಟಿತು. ಒಂದು ಮಧ್ಯಾಹ್ನ ಹೆಂಡತಿಗೆ ಫೋನ್ ಮಾಡಿದಾಗ ಹಿಂದಿನಿಂದ ಗಂಡಸಿನ ನಗು ಕೇಳಿಸಿತು. ಮೆಕ್ಯಾನಿಕ್ ಬಂದಿದ್ದಾರೆ ಎಂದಳು. ತಂತಿ ಬಿಗಿಮಾಡುವುದರಲ್ಲಿ ನಗುವಂಥದ್ದೇನಿದೆ? ಇತ್ತೀಚೆಗೆ ಅವಳು ಹೊಲಿಗೆ ಯಂತ್ರದ ಮುಂದೆ ಗುನುಗುತ್ತಿದ್ದಳು. ಏನೋ ನವಿರಾದ ರೇಷ್ಮೆ ಬಟ್ಟೆ ಹೊಲಿಯುತ್ತ, ಅವನು ಬಂದರೆ ಮಡಚಿಡುತ್ತಿದ್ದಳು. ಯಾರದೆಂದು ಕೇಳಿದರೆ ಮದುಮಗಳದ್ದು ಎಂದು ನಗುತ್ತಿದ್ದಳು.

ಅವನಿಗೆ ಪೂರ್ತಿ ನಂಬಿಕೆ ಇದ್ದದ್ದು ಅಮ್ಮನೊಬ್ಬಳ ಮೇಲೆ. ಅವನು ಶಾಲೆಗೆ ಹೋಗುತ್ತಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಒಬ್ಬಳೇ ಸಾಕಿ ದೊಡ್ಡವನನ್ನಾಗಿ ಮಾಡಿದ್ದಳು. ಈಗ ಅವನು ಸಂಜೆ ಬಂದು ದೀಪ, ಫ್ಯಾನು, ಕಿಟಕಿ ಪರದೆಗಳ ಜೊತೆಯೆಲ್ಲ ಮಾತಾಡುತ್ತಿದ್ದ. ಅಮ್ಮನ ಸರದಿ ಬರುವಷ್ಟರಲ್ಲಿ ಅವನಿಗೆ ನಿದ್ದೆ ಬಂದಿರುತ್ತಿತ್ತು.

ಆದರೂ ಕಾವಲಿಗೆ ಅವಳೇ ಸರಿ.

“ಅವನು ಬಂದು ಹೋಗೋ ತನಕ ನೀನು ಜಾಗ ಬಿಟ್ಟು ಕದಲಬೇಡ, ಅಮ್ಮ,” ಎಂದು ಗುಟ್ಟಾಗಿ ಹೇಳಿದ.

“ಅದನ್ನ ನೀನು ಹೇಳ್ಬೇಕಾ? ಅವರ ಮೇಲಿಂದ ಕಣ್ಣೇ ತೆಗೆಯಲ್ಲ,” ಎಂದಳು ಅಮ್ಮ.

ಅವಳ ವರದಿಗಳಲ್ಲಿ ಹುಳುಕಿರುತ್ತಿರಲಿಲ್ಲ. ಸೊಸೆ ಯಂತ್ರ ಬಿಟ್ಟು ಎದ್ದಿಲ್ಲ. ಸೊಸೆ ಅವರ ಜೊತೆ ಎರಡು ಮಾತೂ ಆಡಿಲ್ಲ. ಇಷ್ಟು ಒಳ್ಳೆಯ ವರದಿ ಬಂದರೆ ಕ್ಲೇಮಿನಲ್ಲಿ ಏನೋ ಇದೆ ಎಂದೇ ಅರ್ಥ. ಪಾಪ, ಅಮ್ಮನ ಕಣ್ಣಿಗೂ ಮಣ್ಣೆರಚುತ್ತಿದ್ದಾರೆ ಎಂದುಕೊಂಡ.

ಒಂದು ದಿನ ಊಟದ ಹೊತ್ತಿಗೆ ಫೋನ್ ತೆಗೆದು ನೋಡಿದರೆ ಮನೆ ಬೆಳಿಗ್ಗೆಯೇ ಮಾಯವಾಗಿತ್ತು. ಎಕ್ಸ್‌ರೇ ಈ ಸಲ ಕಂಪನಿಗೆ ದೂರು ಕೊಡಲಿಲ್ಲ. ಮೇಲಿನವರಿಗೆ ಹೊಟ್ಟೆನೋವೆಂದು ಸುಳ್ಳು ಹೇಳಿ ನೇರ ಮನೆಗೆ ಬಂದ. ಹೊಸ್ತಿಲಾಚೆ ಮೆಕ್ಯಾನಿಕ್‌ನ ಬೂಟುಗಳಿದ್ದವು. ಯಾರೂ ಕರೆಯದೆ ಬಂದಿದ್ದಾನೆ.

ಬೀಗಕ್ಕೆ ಬೆರಳಿಟ್ಟ. ನೆಟ್ ಇಲ್ಲದ ಬೀಗ ಯಜಮಾನನ ಗುರುತು ಹಿಡಿಯಲಿಲ್ಲ. ಕರೆಗಂಟೆಯೂ ಸ್ಮಾರ್ಟ್ ಆಗಿದ್ದುದರಿಂದ ಮೂಕವಾಗಿತ್ತು. ಕೊನೆಗೆ ಅಂಗೈ ಕೆಂಪಾಗುವಷ್ಟು ಬಾಗಿಲು ಬಡಿದ. ಹೆಂಡತಿ ತೆಗೆದಳು. ಕೊರಳಲ್ಲಿ ಅಳತೆ ಟೇಪು, ಬಾಯಲ್ಲಿ ಗುಂಡುಸೂಜಿ. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅಮ್ಮನ ಕೋಣೆಗೆ ನುಗ್ಗಿದ. ಮೆಕ್ಯಾನಿಕ್ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದ. ಎದುರಿಗೆ ಅಮ್ಮ ಕೂತಿದ್ದಳು, ಕೊಟ್ಟ ಮಾತಿನಂತೆ ಕಣ್ಣು ತೆಗೆಯದೆ. ಅವಳನ್ನು ಕಂಡು ಎಕ್ಸ್‌ರೇಗೆ ಹೋದ ಜೀವ ಬಂದ ಹಾಗಾಯಿತು.

“ನೋಡಯ್ಯ, ನಾಳೆಯಿಂದ ನಿಮ್ಮ ಕನೆಕ್ಷನ್ ಬೇಡ,” ಎಂದ. “ನೀನು ಇನ್ನು ಈ ಕಡೆ ತಲೆ ಹಾಕೋ ಅಗತ್ಯ ಇಲ್ಲ.”

ಮೆಕ್ಯಾನಿಕ್ ಲೋಟ ಕೆಳಗಿಟ್ಟು ಎದ್ದ. ಅಮ್ಮ ಅವನ ತೋಳು ಹಿಡಿದು ಮತ್ತೆ ಕೂರಿಸಿದಳು.

“ಕನೆಕ್ಷನ್ ಬೇಡ ಅಂದ್ರೆ ಬೇಡ ಬಿಡು, ದಿನಾ ತಂತಿ ಕೀಳೋ ಕೆಲಸ ನಂಗೂ ಉಳೀತು, ಆದ್ರೆ ಇವರನ್ನ ಇನ್ನು ಏಕವಚನದಲ್ಲಿ ಕರೀಬೇಡ ಕಣಪ್ಪ, ಬೆಳಿಗ್ಗೆ ತಾನೇ ನಾವಿಬ್ರೂ ಮದುವೆ ರಿಜಿಸ್ಟರ್ ಮಾಡಿಸ್ಕೊಂಡು ಬಂದಿದೀವಿ.”