ಹೊಗಳಿದವರ ಪಾಲು

"ನನ್ನ ಆರಾಮಕುರ್ಚಿ ಎಲ್ಲಿ ಹೋಯ್ತು ಅಂತ ಕೇಳ್ತಿದೀನಿ. ಬಾಯಲ್ಲಿ ಕಡುಬು ಇಟ್ಕೊಂಡಿದೀಯಾ?" ಉಜ್ಜನಪ್ಪನ ಕೂಗು ಶಿವಮೊಗ್ಗದ ವಿನೋಬನಗರದ ಆ ಬೀದಿಯ ಕೊನೆಯ ಮನೆಗೂ ಮುಟ್ಟಿತು.

"ಎದುರುಮನೆ ಹುಲಿಯಪ್ಪನೋರು ಒರಗಿ ಕೂತು, ಎಷ್ಟು ಸುಖವಾಗಿದೆ ಅಂದ್ರು. ಕೊಟ್ಟೆ," ಎಂದಳು ಹೆಂಡತಿ ಜಗದಾಂಬಾ, ಬದನೆಕಾಯಿ ಸೀಳುತ್ತ.

"ಅವನು ಮನೆ ಚೆನ್ನಾಗಿದೆ ಅಂದಿದ್ರೆ ಮನೇನೂ ಬರೆದುಕೊಡ್ತಿದ್ದೆಯೇನೇ?"

"ಮನೆ ನಿಮ್ಮ ಹೆಸರಲ್ಲಿದೆಯಲ್ಲ."

ಈ ಹುಚ್ಚು ಅಂಟಿದ್ದು ಸಮುದ್ರದಾಚೆ. ಅಳಿಯ ರೇಣುಕಾಪ್ರಸಾದ್ ಪೆಸಿಫಿಕ್ ಸಾಗರದ ಒಂದು ಪಾಲಿನೇಷಿಯನ್ ದ್ವೀಪದಲ್ಲಿ ಡಾಕ್ಟರು. ಹೋದ ಬೇಸಿಗೆಯಲ್ಲಿ ಅತ್ತೆ ಮಾವನನ್ನು ಕರೆಸಿಕೊಂಡು, ಪ್ರಾಣಿಪಕ್ಷಿಗಳಿಗೆ ಹೆಸರಾದ ಹಳ್ಳಿಯೊಂದನ್ನು ತೋರಿಸಿದ್ದ. ಗೋಡೆಯೇ ಇಲ್ಲದ, ಗರಿ ಹೊದಿಸಿದ ಮನೆಗಳು. ಚರ್ಚಿನ ಮುಂದಿನ ಮರದಲ್ಲಿ ಹಾಡುಹಗಲೇ ಜೋತುಬಿದ್ದ ಬಾವಲಿ, ತೆಂಗಿನಮರ ಹತ್ತುವ ಏಡಿ, ಕಾಲಿಗೆ ತೊಡರುವ ಕಡಲಹಕ್ಕಿ. ಯಾರೂ ಒಂದು ಕಲ್ಲು ಬೀರುವವರಿಲ್ಲ. ಡಬ್ಬ ಬಡಿದು ಆ ಬಾವಲಿಗಳನ್ನು ಓಡಿಸಲು ಉಜ್ಜನಪ್ಪನಿಗೆ ಮಾತ್ರ ಕೈ ತುರಿಸುತ್ತಿತ್ತು. ಅಷ್ಟರಲ್ಲಿ ಜಗದಾಂಬಾ ಊರ ಯಜಮಾನನ ಅಂಗಳದಲ್ಲಿ ಹಂದಿಮರಿಯೊಂದನ್ನು ಕಂಡು, ಎಷ್ಟು ಮುದ್ದಾಗಿದೆ ಅಂದಳು. ಅಳಿಯ ಅದನ್ನು ಅವರ ಭಾಷೆಯಲ್ಲಿ ಹೇಳಿದ್ದೇ ತಡ, ಯಜಮಾನನ ಹೆಂಡತಿ ಮರಿಯನ್ನೆತ್ತಿ ಇವಳ ಮಡಿಲಿಗಿಟ್ಟಳು. ಅಲ್ಲಿ ಹೊಗಳಿದ ವಸ್ತು ಹೊಗಳಿದವರದ್ದಂತೆ, ಬೇಡವೆಂದರೆ ಅವಮಾನವಂತೆ. ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದ ಉಜ್ಜನಪ್ಪ, ಹಣೆ ತುಂಬ ವಿಭೂತಿ, ತೊಡೆ ತುಂಬ ಹಂದಿಮರಿ ಹೊತ್ತು ಜೀಪಿನಲ್ಲಿ ವಾಪಸಾದ.

ಊರಿಗೆ ಬಂದ ಜಗದಾಂಬಾ ಅದೇ ಪದ್ಧತಿಯನ್ನು ಇಲ್ಲೂ ಶುರುಮಾಡಿದಳು. ಗೋಡೆ ಗಡಿಯಾರ ಹೋಯಿತು, ಹಿತ್ತಾಳೆ ಕೊಳಗ ಹೋಯಿತು. ಬೀದಿಯಲ್ಲಿ ಹೊಗಳುವವರು ಹೆಚ್ಚಾದರು. ನಷ್ಟ ತುಂಬಿಕೊಳ್ಳಲು ಉಜ್ಜನಪ್ಪನೂ ಒಮ್ಮೆ ಹುಲಿಯಪ್ಪನ ಮನೆಗೆ ಹೋಗಿ ಅವರ ಕಲರ್ ಟೀವಿಯನ್ನು ಬಾಯಿ ನೋಯುವಷ್ಟು ಹೊಗಳಿದ. ಸಿಕ್ಕಿದ್ದು ಅರ್ಧ ಲೋಟ ಕಾಫಿ.

ಈಗ ಕುರ್ಚಿಯ ಜಗಳ ಆರುವ ಮೊದಲೇ ಭದ್ರಾವತಿಯ ನ್ಯೂ ಟೌನಿನಿಂದ ಜಗದಾಂಬಾಳ ಅಣ್ಣ ಹಿರಿಯಣ್ಣ ಊಟಕ್ಕೆ ಬಂದ. ಹೆಂಡತಿ ತೀರಿಕೊಂಡ ಮೇಲೆ ಕಾರ್ಖಾನೆಯ ಕ್ಯಾಂಟೀನೇ ಅವನ ಅಡುಗೆಮನೆ. ಉಜ್ಜನಪ್ಪ ಅವನನ್ನು ಬಾಗಿಲಲ್ಲೇ ತಡೆದು, ಹೊಟ್ಟೆ ತುಂಬ ಉಣ್ಣಿ ಭಾವ, ಮನೆಯ ಸಾಮಾನನ್ನು ಮಾತ್ರ ಹೊಗಳಬೇಡಿ ಎಂದು ಬೇಡಿಕೊಂಡ. ಹಿರಿಯಣ್ಣ ಮಾತಿಗೆ ತಪ್ಪಲಿಲ್ಲ. ಅಕ್ಕಿರೊಟ್ಟಿ, ಎಣಗಾಯಿ ಮುಗಿಸಿ ಬೆರಳು ನೆಕ್ಕುತ್ತ, "ನಿನ್ನಂಥೋಳು ಒಬ್ಬಳು ಮನೇಲಿದ್ರೆ ಸಾಕು ಕಣಮ್ಮ, ಇನ್ನೇನು ಬೇಕು?" ಎಂದಷ್ಟೇ ಅಂದ.

ಜಗದಾಂಬಾಳ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಒಳಗೆ ಹೋದವಳು ಸೀರೆ ತುರುಕಿದ ಬ್ಯಾಗು ಹಿಡಿದು ಹೊರಬಂದಳು.

"ಇದೆಂಥ ನಾಟಕ ಮಾರಾಯ್ತಿ? ನೀನು ನನ್ನ ಹೆಂಡ್ತಿ."

"ಹೆಂಡ್ತಿ ಚೆನ್ನಾಗಿದಾಳೆ ಅಂತ ಯಾವತ್ತಾದ್ರೂ ಬಾಯಿ ಬಿಟ್ಟಿದೀರಾ?"

ಉಜ್ಜನಪ್ಪ ಮದುವೆಯ ದಿನದಿಂದ ನೆನಪನ್ನು ತಡಕಾಡಿಕೊಂಡು ಬಂದ. "ಹೋದ ಯುಗಾದಿ ಹೋಳಿಗೆಗೆ ನಾನು ಏನಾದ್ರೂ ಅಂದ್ನಾ?" ಬೈಯದೆ ಉಂಡೆದ್ದರೆ ಅದೇ ಅವನ ದೊಡ್ಡ ಹೊಗಳಿಕೆ. ಹಿರಿಯಣ್ಣ ನಗು ಮುಚ್ಚಿಕೊಳ್ಳಲು ಮಜ್ಜಿಗೆ ಲೋಟ ಎತ್ತಿದ. ಅವನು ಅದನ್ನು ಕೆಳಗಿಡುವಷ್ಟರಲ್ಲಿ ತಂಗಿ ಬೀದಿಗೆ ಇಳಿದಾಗಿತ್ತು.

ಸಂಜೆಗೆ ಬರುತ್ತಾಳೆ ಅಂದುಕೊಂಡ ಗಂಡ. ಬರಲಿಲ್ಲ. ಸೀದ ಅನ್ನ, ಬೇಯದ ಬೇಳೆ ತಿಂದು ವಾರ ನೂಕಿದ ಉಜ್ಜನಪ್ಪ ಕೊನೆಗೆ ಭದ್ರಾವತಿ ಬಸ್ಸು ಹತ್ತಿದ. ನಿನ್ನಂಥೋಳು ಇನ್ನೊಬ್ಬಳಿಲ್ಲ ಎಂಬ ಒಂದು ಮಾತನ್ನು ದಾರಿಯುದ್ದಕ್ಕೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ. ನ್ಯೂ ಟೌನಿನಲ್ಲಿ ಭಾವನ ಮನೆಯ ಮುಂದೆ ನಿಂತಾಗ ಜಗದಾಂಬಾ ಬಾಗಿಲಿಗೆ ಬಂದಳು. ಸೆರಗು ಸರಿಮಾಡಿಕೊಂಡಳು. ಕಾದಳು.

ಉಜ್ಜನಪ್ಪ ಕೆಮ್ಮಿದ. ಪಕ್ಕದ ಮನೆಯವರು ಕಿಟಕಿಯಲ್ಲಿ ನಿಂತಿದ್ದರು. ಕಾಂಪೌಂಡಿನ ಪುಟ್ಟ ಮರದ ಗೇಟನ್ನು ಸವರುತ್ತ, "ಗೇಟು ಚೆನ್ನಾಗಿದೆ," ಅಂದ.

ಜಗದಾಂಬಾ ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ಆಮೇಲೆ ಅಣ್ಣನಿಗೆ ಸ್ಕ್ರೂಡ್ರೈವರ್ ತರಲು ಕೂಗಿ ಹೇಳಿ, ಒಳಗೆ ಹೊರಟುಹೋದಳು.

ಶಿವಮೊಗ್ಗದ ಬಸ್ಸಿನಲ್ಲಿ ಕಂಡಕ್ಟರ್ ಎರಡು ಟಿಕೆಟ್ ಹರಿದ. ಕಿಟಕಿಯ ಪಕ್ಕ ಗೇಟು, ಈಚೆಗೆ ಉಜ್ಜನಪ್ಪ.