ಪರದೆ ಎಳೆಯದ ಕಿಟಕಿ

"ಇವತ್ತೇ ಅವಳ ಗಂಟುಮೂಟೆ ಹೊರಗೆ ಹಾಕಿಸಿ, ಅಯ್ಯನವರೇ!"

ಗಡಿಯಾರದಂಗಡಿ ನಡೆಸುವ, ಚರ್ಚ್ ಸಭೆಯ ಹಿರಿಯರು ಮೇಜು ಗುದ್ದಿದರು. ಅದರ ಮೇಲಿದ್ದ ಚರ್ಚಿನ ಅಯ್ಯನವರ ಕನ್ನಡಕ ಹಾರಿ ಕೆಳಗೆ ಬಿತ್ತು. ಬಾಗಿಲ ಬಳಿ ನಿಂತಿದ್ದ ಹಿರಿಯರ ಮಗ ಬಗ್ಗಿ ಎತ್ತಿಟ್ಟ. ಔಷಧದಂಗಡಿಯ ಕೆಲಸಕ್ಕೆ ಹೊರಟಿದ್ದವನನ್ನು, ಸಭೆಯ ಯುವಕರ ಪರವಾಗಿ ಒಬ್ಬ ಇರಲಿ ಎಂದು ತಂದೆಯೇ ಎಳೆದು ತಂದಿದ್ದರು.

ಗೋಡೆಗೆ ಒತ್ತಿಕೊಂಡು ಇಸ್ತ್ರಿಯವಳು ನಿಂತಿದ್ದಳು. ಚರ್ಚಿನ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವುದು ಅವಳ ಕೆಲಸ. ಚರ್ಚಿನ ಹಿಂದಿನ ಕೋಣೆಯೇ ಅವಳ ಮನೆ. ಹಿಂದೆ ಮುಂದೆ ಯಾರೂ ಇಲ್ಲದವಳು. ಕೆಲಸ ಹೋದರೆ ತಲೆಯ ಮೇಲಿನ ಸೂರೂ ಹೋಗುತ್ತಿತ್ತು. ಅಷ್ಟು ಸೆಕೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು, ಬಲಗೈಯನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಏನು ನೋಡಿದ್ರಿ, ಹೇಳಿ," ಎಂದರು ಅಯ್ಯನವರು.

"ವಾರದಿಂದ ನೋಡ್ತಿದ್ದೀನಿ. ನನ್ನ ಮಹಡಿ ಕಿಟಕಿಗೆ ಅವಳ ಕೋಣೆ ನೇರ ಎದುರು. ಸಂಜೆ ಆದ್ರೆ ಸಾಕು, ಒಬ್ಬ ಬರ್ತಾನೆ. ಇವಳು ಅಂಗಿ ತೋಳನ್ನ ಭುಜದವರೆಗೆ ಸರಿಸ್ಕೊಂಡು ಕೂರ್ತಾಳೆ. ಅವನು ಎದುರಿಗೆ ಕೂತು ಕೈ ಹಿಡ್ಕೋತಾನೆ. ಪರದೆ ಕೂಡ ಎಳೆಯಲ್ಲ. ಎಷ್ಟು ಧೈರ್ಯ!"

"ಅಪ್ಪ..." ಎಂದ ಮಗ.

"ದೊಡ್ಡವರ ಮಧ್ಯೆ ಬಾಯಿ ಹಾಕ್ಬೇಡ."

ಹಿರಿಯರು ಮುಂದುವರಿಸಿದರು. "ಭಾನುವಾರ ನೀವೇ ಹೇಳಿದ್ರಲ್ಲ. ಎದುರಿಗಿರೋರಿಗೆ ಏನು ಬೇಕು ಅಂತ ನೋಡೋದು ಪ್ರೀತಿ. ತನಗೇನು ಬೇಕೋ ಅದನ್ನಷ್ಟೇ ನೋಡೋದು ಮೋಹ. ದೇವರು ಎರಡನ್ನೂ ಒಂದೇ ತಕ್ಕಡೀಲಿ ತೂಗಲ್ಲ ಅಂತ. ಈಗ ಇದು ಯಾವುದು, ನೀವೇ ಹೇಳಿ."

ಅಯ್ಯನವರು ಅವಳತ್ತ ತಿರುಗಿದರು. "ಯಾರಮ್ಮಾ ಅವನು?"

"ನಾನು ಹೇಳಲ್ಲ, ಅಯ್ಯನವರೇ."

"ಹೇಳದಿದ್ರೆ ಕೆಲಸ ಉಳಿಸೋದು ನನ್ನ ಕೈಲಿಲ್ಲ."

"ಹೋಗ್ಲಿ. ಹೆಸರು ಹೇಳಿದ್ರೆ ಒಂದು ಮನೆ ಒಡೆಯುತ್ತೆ."

"ಕೇಳಿದ್ರಾ!" ಹಿರಿಯರು ಕುರ್ಚಿಯಿಂದ ಎದ್ದೇಬಿಟ್ಟರು. "ಹೆಂಡತಿ ಮಕ್ಕಳಿರೋನೇ ಇರ್ಬೇಕು!"

"ಸರಿ, ನೀವೇ ಅವನ ಗುರುತು ಹೇಳಿ," ಎಂದರು ಅಯ್ಯನವರು. "ಕೂದಲೆಳೆಯಂಥ ಸ್ಪ್ರಿಂಗನ್ನೂ ಹುಡುಕಿ ಹಿಡಿಯೋ ಕಣ್ಣು ನಿಮ್ಮದು."

"ಅವನ ಬೆನ್ನು ನನ್ನ ಕಡೆಗಿತ್ತು."

"ಅಂಗಿಯ ಬಣ್ಣ?"

"ಗಮನಿಸಲಿಲ್ಲ."

"ಅವಳ ಅಂಗಿ?"

"ಮೊನ್ನೆ ಹಳದಿ. ನಿನ್ನೆ ನೀಲಿ, ಕುತ್ತಿಗೆ ಹತ್ರ ಒಂದು ಗುಂಡಿ ಕಿತ್ತುಹೋಗಿತ್ತು. ಭುಜದ ಮೇಲೆ ಮಚ್ಚೆ..."

ಹಿರಿಯರು ಥಟ್ಟನೆ ನಿಲ್ಲಿಸಿದರು. ಅವಳು ಎಡಗೈಯಿಂದ ಅಂಗಿಯ ಕತ್ತುಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಮಗ ನೆಲ ನೋಡಿದ.

"ಅವನು ಹೋದ ಮೇಲೆ?" ಅಯ್ಯನವರ ದನಿ ಏರಲಿಲ್ಲ.

"ಇವಳು ಕೂದಲು ಬಿಚ್ಚಿ ಬಾಚ್ಕೋತಾಳೆ."

"ಅಂದ್ರೆ, ಅವನು ಹೋದ ಮೇಲೂ ನೀವು ಕಿಟಕಿಯಲ್ಲೇ ಇದ್ರಿ."

"ಸಭೆಯ ಮರ್ಯಾದೆ ಕಾಯ್ಬೇಕಲ್ಲ! ಹಿರಿಯ ಅಂತ ಮತ್ಯಾಕೆ ಇರೋದು ನಾನು?"

ಅವಳು ಎದೆಗೆ ಒತ್ತಿಕೊಂಡಿದ್ದ ಕೈಯನ್ನೇ ಅಯ್ಯನವರು ಆಗಿನಿಂದ ನೋಡುತ್ತಿದ್ದರು. "ಆ ಅಂಗಿ ತೋಳು ಸ್ವಲ್ಪ ಮೇಲೆ ಸರಿಸಮ್ಮಾ."

ಅವಳು ಹಲ್ಲುಕಚ್ಚಿ ಸರಿಸಿದಳು. ಮಣಿಕಟ್ಟಿನಿಂದ ಮೊಣಕೈ ದಾಟಿ ಬಿಳಿ ಪಟ್ಟಿ. ಅಂಚಿನಲ್ಲಿ ಚರ್ಮ ಸುಲಿದು ಕೆಂಪಾಗಿತ್ತು.

"ಇಸ್ತ್ರಿಪೆಟ್ಟಿಗೆ ಜಾರಿಬಿತ್ತು," ಎಂದಳು. "ದಿನಾ ಪಟ್ಟಿ ಬದಲಿಸ್ಬೇಕು ಅಂದ್ರು ಡಾಕ್ಟ್ರು. ಒಂದೇ ಕೈಲಿ ಆಗಲ್ಲ."

"ಹಿರಿಯರೇ, ಮಚ್ಚೆ ಕಂಡಿತು. ಇದು ಕಾಣಲಿಲ್ವಾ?"

ಆದರೂ ಹಿರಿಯರು ಹಟ ಬಿಡಲಿಲ್ಲ. "ಪಟ್ಟಿ ಕಟ್ಟೋನು ಕದ್ದುಮುಚ್ಚಿ ಯಾಕೆ ಬರ್ಬೇಕು? ಅವನ ಮನಸ್ಸು ಶುದ್ಧವಾಗಿದ್ರೆ ಒಂದು ಸಲವಾದ್ರೂ ಮುಖ ತೋರಿಸ್ತಿದ್ದ!"

ಮಗ ಬಾಗಿಲು ಬಿಟ್ಟು ಬಂದು ಅವಳ ಪಕ್ಕದಲ್ಲಿ ನಿಂತ.

"ದಿನಾ ತೋರಿಸಿದ್ದೀನಿ ಅಪ್ಪ. ಅವಳ ಕೋಣೆಯಿಂದ ಹೊರಗೆ ಬಂದು, ಬೀದಿದೀಪದ ಕೆಳಗೆ ನಿಂತು, ಕಿಟಕಿಯಲ್ಲಿದ್ದ ನಿಮಗೆ ಕೈ ಬೀಸ್ತಿದ್ದೆ."